ನೆಣ, ಬಾಡು ಮತ್ತು ಒಂದು ಚಿಟಿಕೆ ಪುಡಿ

ಓಣಂ ಹತ್ತಿರ ಬಂತೆಂದರೆ ಗುಂಡ್ಲುಪೇಟೆಯಿಂದ ಮೂಲೆಹೊಳೆ ಕಡೆಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಕೇರಳದ ಕುಟುಂಬಗಳು ಚೆಂಡು ಹೂವಿನ ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತವೆ. ಬೆಳೆ ತುಳಿದು ಹಾಳಾಗುತ್ತದೆಂದು ಕೆಲವು ರೈತರು ತಲೆಗಿಷ್ಟು ಅಂತ ವಸೂಲಿಯನ್ನೂ ಮಾಡುತ್ತಾರೆ. ಫೋಟೊದಲ್ಲಿ ಕಾಣುವ ಆ ಹೂವಿನ ಬಹುಪಾಲು ದೇವರ ಮುಡಿಗೆ ಏರುವುದಿಲ್ಲ, ಅತ್ತ ಓಣಂನ ಹೂ ರಂಗೋಲಿಯಾದ ಪೂಕಳಕ್ಕೂ ಹೋಗುವುದಿಲ್ಲ. ಕಂಪನಿ ಕೊಟ್ಟ ಬೀಜ, ಕಂಪನಿ ಮೊದಲೇ ಹೇಳಿದ ದರ. ಕೊಯ್ದ ಹೂವು ಮೂಟೆಯಾಗಿ ಲಾರಿ ಹತ್ತಿ, ಕಾರ್ಖಾನೆಯ ಗುಂಡಿಯಲ್ಲಿ ಹುಳಿ ಬಂದು, ಒಣಗಿ, ಗುಳಿಗೆಯಾಗಿ, ದ್ರಾವಕದಲ್ಲಿ ನೆನೆದು, ಕೊನೆಗೆ ಲ್ಯೂಟಿನ್ ಎಂಬ ಹಳದಿ ಬಣ್ಣವಾಗಿ ಹೊರಬರುತ್ತದೆ. ಅದರಲ್ಲಿ ಒಂದು ಪಾಲು ಕಣ್ಣಿನ ಆರೋಗ್ಯದ ಮಾತ್ರೆಗೆ ಹೋಗುತ್ತದೆ, ಇನ್ನೊಂದು ಪಾಲು ಕೋಳಿ ಫೀಡಿಗೆ. ಕೋಳಿಗೆ ಈ ಬಣ್ಣವನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ತಿಂದದ್ದಷ್ಟೇ ಮೊಟ್ಟೆಯೊಳಗಿನ ಹಳದಿಗೆ ಇಳಿಯುತ್ತದೆ.

ಅಂದರೆ ಈ ತಾಲ್ಲೂಕು ಎಷ್ಟೋ ವರ್ಷಗಳಿಂದ ಮೇವಿನ ಪೂರಕವನ್ನೇ ಹೊಲದಲ್ಲಿ ಬೆಳೆಯುತ್ತಿದೆ. ಅದೇ ಹೂವಿನ ಪುಡಿಯನ್ನು ಹಂದಿಗೆ ತಿನ್ನಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹಸುವಿನ ಕೊಬ್ಬು, ಕೋಳಿಯ ಕೊಬ್ಬು ತಿಂದ ಬಣ್ಣವನ್ನು ಹಿಡಿದಿಟ್ಟು ಹಳದಿಗೆ ತಿರುಗುತ್ತವೆ. ಕುರಿ, ಮೇಕೆ, ಹಂದಿಗಳ ದೇಹ ಅದನ್ನು ಹಿಡಿದಿಡುವುದೇ ಇಲ್ಲ, ಹಾಗಾಗಿ ಹಂದಿಯ ನೆಣ ಯಾವಾಗಲೂ ಬೆಳ್ಳಗೆ. ಒಂದೇ ಪುಡಿ ಒಂದು ಪ್ರಾಣಿಯಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಸಗಣಿಯಾಗಿ ಹೋಗುತ್ತದೆ. ಪೂರಕಗಳ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಈ ಪ್ರಾಣಿಗೆ, ಈ ವಯಸ್ಸಿನಲ್ಲಿ, ಈ ಮೇವಿನ ಜೊತೆ, ಇದು ತುಂಬಬೇಕಾದ ಕೊರತೆ ಒಂದಿದೆಯೇ?

ಪಶು ಆಹಾರದ ಅಂಗಡಿಯಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಗುಂಡ್ಲುಪೇಟೆ, ಚಾಮರಾಜನಗರದಂಥ ಊರುಗಳ ಅಂಗಡಿ ನಡೆಯುವುದೇ ಹಸುವಿನ ಬೂಸಾ, ಹಿಂಡಿ, ಕೋಳಿ ಫೀಡಿನ ಮೇಲೆ. ಹಂದಿ ಸಾಕುವವರು ಅಲ್ಲಿ ಅಪರೂಪದ ಗಿರಾಕಿಗಳು. ಅವರು ಬಂದರೆ ಕೇಳುವುದು ಹೆಚ್ಚುಕಮ್ಮಿ ಒಂದೇ ಧಾಟಿಯಲ್ಲಿ: “ಅಣ್ಣಾ, ಮರಿ ಬ್ಯಾಗ ಮೈ ಹಿಡೀಬೇಕು, ನೆಣ ಮಾತ್ರ ಕಮ್ಮಿ ಇರ್ಬೇಕು. ಅಂಥ ಪೌಡ್ರು ಏನಾದ್ರೂ ಐತಾ?” ಪೌಡರು ಇದ್ದೇ ಇರುತ್ತದೆ. ಹಸು, ಕೋಳಿ, ಕುರಿ, ಹಂದಿ ನಾಲ್ಕನ್ನೂ ಒಂದೇ ಚಿತ್ರದಲ್ಲಿ ನಿಲ್ಲಿಸಿದ ಪ್ಯಾಕೆಟ್ಟು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಕ್ಯಾಲ್ಸಿಯಂ ಇಷ್ಟು, ರಂಜಕ ಇಷ್ಟು, ಸತು, ತಾಮ್ರ, ಕೋಬಾಲ್ಟ್ ಇಷ್ಟಿಷ್ಟು ಎಂದು ಬರೆದಿರುತ್ತದೆ. ಇವೆಲ್ಲ ಬೇಕಾದವೇ. ಆದರೆ ಗಿರಾಕಿ ಕೇಳಿದ್ದಕ್ಕೆ, ಅಂದರೆ ಬಾಡು ಹೆಚ್ಚಿ ನೆಣ ಇಳಿಯುವುದಕ್ಕೆ, ಈ ಪಟ್ಟಿಯಲ್ಲಿ ನೇರ ಉತ್ತರ ಸಿಗುವುದು ವಿರಳ.

ಉತ್ತರ ಹಂದಿ ಬೆಳೆಯುವ ರೀತಿಯಲ್ಲಿದೆ. ಹುಟ್ಟಿದಾಗ ಒಂದು, ಒಂದೂವರೆ ಕಿಲೊ ತೂಗುವ ಮರಿ ಸರಿಯಾದ ಮೇವು ಸಿಕ್ಕರೆ ಆರು ತಿಂಗಳಲ್ಲಿ 90, 100 ಕಿಲೊ ಮುಟ್ಟುತ್ತದೆ. ಹಸು, ಕುರಿ ಯಾವುದರಲ್ಲೂ ಈ ವೇಗ ಇಲ್ಲ. ಈ ಓಟದ ಮೊದಲರ್ಧದಲ್ಲಿ ಮೈಗೆ ಸೇರುವುದು ಹೆಚ್ಚಾಗಿ ಮಾಂಸಖಂಡ ಮತ್ತು ಮೂಳೆ. ದಿನಕ್ಕೆ ಇಷ್ಟೇ ಪ್ರೋಟೀನ್ ಕಟ್ಟಬಲ್ಲೆ ಎಂಬ ಮಿತಿ ಪ್ರತಿ ಹಂದಿಗೂ ಹುಟ್ಟಿನಿಂದಲೇ ಬಂದಿರುತ್ತದೆ, ಅದು ತಳಿಯ ಗುಣ. ಹಂದಿ ದೊಡ್ಡದಾದಂತೆ ಅದು ತಿನ್ನುವ ಮೇವು ಏರುತ್ತಲೇ ಹೋಗುತ್ತದೆ, ಪ್ರೋಟೀನ್ ಕಟ್ಟುವ ಮಿತಿ ಮಾತ್ರ ಏರುವುದಿಲ್ಲ. ಉಳಿದ ಶಕ್ತಿಯೆಲ್ಲ ಚರ್ಮದಡಿ ನೆಣವಾಗಿ ಕೂರುತ್ತದೆ. ಬಾಡಿನ ಮುಕ್ಕಾಲು ಭಾಗ ನೀರು, ನೆಣದಲ್ಲಿ ನೀರು ತೀರಾ ಕಡಿಮೆ. ಹಾಗಾಗಿ ಒಂದು ಕಿಲೊ ಬಾಡು ಬೆಳೆಯಲು ಬೇಕಾಗುವ ಮೇವಿಗಿಂತ ಒಂದು ಕಿಲೊ ನೆಣಕ್ಕೆ ಬೇಕಾಗುವ ಮೇವು ಎಷ್ಟೋ ಹೆಚ್ಚು. ನೆಣ ಕಮ್ಮಿ ಇರಲಿ ಎನ್ನುವುದು ಪೇಟೆಯ ಗಿರಾಕಿಯ ಆಸೆಯಷ್ಟೇ ಅಲ್ಲ, ಸಾಕುವವನ ಜೇಬಿನ ಲೆಕ್ಕವೂ ಹೌದು.

ಪ್ರೋಟೀನ್ ಕಟ್ಟುವ ಕೆಲಸಕ್ಕೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಬೇಕು, ಒಂದೊಂದೂ ತನ್ನ ಲೆಕ್ಕದಲ್ಲಿ. ಹಾರ ಕಟ್ಟುವವರು ಮೂರು ಚೆಂಡು ಹೂವಿಗೆ ಒಂದು ಬಿಳಿ ಸೇವಂತಿಗೆ ಎಂದು ಪೋಣಿಸುತ್ತಿದ್ದಾರೆ ಎಂದುಕೊಳ್ಳಿ. ಬಿಳಿ ಮುಗಿದ ಕ್ಷಣ ಹಾರ ನಿಂತಿತು, ಬುಟ್ಟಿಯಲ್ಲಿ ಚೆಂಡು ಹೂ ರಾಶಿ ಬಿದ್ದಿದ್ದರೂ ಪ್ರಯೋಜನವಿಲ್ಲ. ಹಂದಿಯ ಮಟ್ಟಿಗೆ ಮೊದಲು ಮುಗಿಯುವ ಆ ಬಿಳಿ ಹೂವಿನ ಹೆಸರು ಲೈಸಿನ್. ಅದು ಮುಗಿದ ಮೇಲೆ ಉಳಿದ ಅಮೈನೋ ಆಮ್ಲಗಳನ್ನು ದೇಹ ಒಡೆದು ಸಾರಜನಕವನ್ನು ಮೂತ್ರದಲ್ಲಿ ಕಳೆಯುತ್ತದೆ, ಮಿಕ್ಕದ್ದನ್ನು ಸುಡುತ್ತದೆ ಇಲ್ಲವೇ ನೆಣ ಮಾಡುತ್ತದೆ. ಹಂದಿ ಕೊಬ್ಬುವುದು ಹೆಚ್ಚು ತಿಂದದ್ದರಿಂದ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಕೊಬ್ಬುವುದು ಒಂದೇ ಒಂದು ಅಂಶ ಕಡಿಮೆ ಬಿದ್ದದ್ದರಿಂದ.

ನಮ್ಮ ಕಡೆಯ ಮೇವಿನಲ್ಲಿ ಈ ಕೊರತೆ ಎಷ್ಟು? ಲೆಕ್ಕ ಹಾಕಿ ನೋಡಬಹುದು. ಗುಂಡ್ಲುಪೇಟೆ ಸುತ್ತ ಧಾರಾಳವಾಗಿ ಸಿಗುವುದು ಮುಸುಕಿನ ಜೋಳ. ಅದರಲ್ಲಿ ಪ್ರೋಟೀನ್ ನೂರಕ್ಕೆ ಒಂಬತ್ತು, ಲೈಸಿನ್ ಕಾಲು ಭಾಗ, ಅಂದರೆ 0.25. ಅಕ್ಕಿ ತೌಡಿನಲ್ಲಿ ಲೈಸಿನ್ ಸುಮಾರು 0.55. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನೇನೋ 40ರ ಮೇಲೆ, ಲೈಸಿನ್ ಮಾತ್ರ 1.4ರ ಆಸುಪಾಸು. 60 ಕಿಲೊ ಜೋಳ, 25 ಕಿಲೊ ತೌಡು, 12 ಕಿಲೊ ಕಡಲೆಕಾಯಿ ಹಿಂಡಿ, ಮಿಕ್ಕ 3 ಕಿಲೊ ಖನಿಜ ಮಿಶ್ರಣ ಮತ್ತು ಉಪ್ಪು ಬೆರೆಸಿದರೆ ನೋಡಲು ಒಳ್ಳೆಯ ಕೈತಿಂಡಿಯೇ. ಪ್ರೋಟೀನ್ ಹದಿಮೂರೂವರೆ ಬರುತ್ತದೆ. ಲೈಸಿನ್ ಕೂಡಿಸಿದರೆ 0.46. ಮೂವತ್ತು ಕಿಲೊ ತೂಗುವ, ಬೆಳೆಯುವ ಹಸಿವಿನಲ್ಲಿರುವ ಸೀಮೆ ಹಂದಿಗೆ ಬೇಕಾದದ್ದು ಹತ್ತಿರಹತ್ತಿರ ಒಂದು. ಅರ್ಧವೂ ಸಿಗಲಿಲ್ಲ.

ಈಗ ಅದೇ 12 ಕಿಲೊ ಜಾಗದಲ್ಲಿ ಕಡಲೆಕಾಯಿ ಹಿಂಡಿಯ ಬದಲು ಸೋಯಾ ಹಿಂಡಿ ಹಾಕಿ. ಸೋಯಾದಲ್ಲಿ ಲೈಸಿನ್ 2.8ರಷ್ಟಿದೆ, ಆದ್ದರಿಂದ ಮೊತ್ತ 0.62ಕ್ಕೆ ಏರುತ್ತದೆ. ಅದರ ಮೇಲೆ 300 ಗ್ರಾಂ ಲೈಸಿನ್ ಪುಡಿ, ಅಂಗಡಿಯಲ್ಲಿ ಲೈಸಿನ್ ಹೈಡ್ರೋಕ್ಲೋರೈಡ್ ಎಂದು ಸಿಗುವಂಥದ್ದು, ಬೆರೆಸಿದರೆ 0.86. ಕ್ವಿಂಟಲ್ ಮೇವಿಗೆ 300 ಗ್ರಾಂ, ಅಂದರೆ ಒಂದು ಕಿಲೊ ಮೇವಿಗೆ ಮೂರು ಗ್ರಾಂ, ನಿಜಕ್ಕೂ ಒಂದು ಚಿಟಿಕೆ. ಹಂದಿಯ ಮೈಯಲ್ಲಿ ಬಾಡು, ನೆಣಗಳ ಪ್ರಮಾಣವನ್ನು ಬದಲಿಸಬಲ್ಲ, ಮದ್ದಲ್ಲದ ಪುಡಿ ಎಂದು ನಾನು ಧೈರ್ಯವಾಗಿ ಹೇಳಬಲ್ಲದ್ದು ಇದೊಂದನ್ನೇ. ಅದಕ್ಕೂ ಒಂದು ಷರತ್ತಿದೆ: ಲೈಸಿನ್ ತುಂಬಿದ ಕೂಡಲೇ ಸರದಿಯಲ್ಲಿ ಮುಂದಿನ ಕೊರತೆ, ಥ್ರಿಯೊನಿನ್ ಅಥವಾ ಮೆಥಿಯೊನಿನ್, ಬಂದು ನಿಲ್ಲುತ್ತದೆ. ಬರೀ ಜೋಳಕ್ಕೆ ಲೈಸಿನ್ ಸುರಿದು ಚಮತ್ಕಾರ ನಿರೀಕ್ಷಿಸಿದರೆ ದುಡ್ಡು ಹೋಯಿತು ಎಂದೇ ಲೆಕ್ಕ. ವಯಸ್ಸಾದಂತೆ ಅಗತ್ಯವೂ ಇಳಿಯುತ್ತದೆ. ನೂರು ಕಿಲೊ ಹತ್ತಿರದ ಹಂದಿಗೆ 0.7 ಸಾಕು. ಮರಿಗೆ ಕೊಡಬೇಕಾದ ಮೇವನ್ನು ದೊಡ್ಡದಕ್ಕೂ ಕೊಡುವುದು ದಂಡ, ದೊಡ್ಡದರ ಮೇವನ್ನು ಮರಿಗೆ ಕೊಡುವುದು ಅದಕ್ಕಿಂತ ದಂಡ.

ಈ ಪುಡಿ ಅಗ್ಗವಾದದ್ದರ ಹಿಂದೆ ಜಪಾನಿನ ಒಂದು ಕಥೆಯಿದೆ. ಕ್ಯೋವಾ ಹಕ್ಕೊ ಎಂಬ ಕಂಪನಿಯಲ್ಲಿ ಶುಕುವೊ ಕಿನೋಶಿತಾ ಮತ್ತು ಸಂಗಡಿಗರು ಐವತ್ತರ ದಶಕದ ನಡುವಿನಲ್ಲಿ ಗ್ಲುಟಮೇಟ್ ಕಕ್ಕುವ ಒಂದು ಬ್ಯಾಕ್ಟೀರಿಯಾವನ್ನು ಹುಡುಕಿದರು. ಅದನ್ನು ಸ್ವಲ್ಪ ಪಳಗಿಸಿದಾಗ ಅದು ಲೈಸಿನ್ನನ್ನೂ ಕೊಟ್ಟಿತು. ಇಂದು ಜಗತ್ತಿನಲ್ಲಿ ಮೇವಿಗೆ ಸೇರುವ ಲೈಸಿನ್ ಬರುವುದು ಹೀಗೆ ಸಕ್ಕರೆ, ಬೆಲ್ಲದ ಮಡ್ಡಿಗಳನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸಿಯೇ.

ಕೊರತೆ ತುಂಬುವ ಪೂರಕಗಳಲ್ಲಿ ಅತ್ಯಂತ ನೇರವಾದದ್ದು ಕಬ್ಬಿಣ. ಹಂದಿ ಮರಿ ಹುಟ್ಟುವಾಗ ಮೈಯಲ್ಲಿ 40, 50 ಮಿಲಿಗ್ರಾಂ ಕಬ್ಬಿಣವನ್ನಷ್ಟೇ ತಂದಿರುತ್ತದೆ. ಅದರ ಬೆಳವಣಿಗೆಯ ವೇಗಕ್ಕೆ ದಿನಕ್ಕೆ ಏಳು ಮಿಲಿಗ್ರಾಂನಷ್ಟು ಬೇಕು, ತಾಯಿಯ ಹಾಲಿನಲ್ಲಿ ಸಿಗುವುದು ಸುಮಾರು ಒಂದು. ವಾರ ಕಳೆಯುವಷ್ಟರಲ್ಲಿ ಖಜಾನೆ ಖಾಲಿ. ಕಿವಿ ಬಿಳಿಚುತ್ತದೆ, ಮರಿ ಏದುಸಿರು ಬಿಡುತ್ತದೆ, ಗುಂಪಿನಲ್ಲಿ ಅತಿ ದಷ್ಟಪುಷ್ಟವಾಗಿದ್ದದ್ದೇ ಒಂದು ಬೆಳಿಗ್ಗೆ ಸತ್ತಿರುತ್ತದೆ. ಏಕೆಂದರೆ ಅದೇ ಎಲ್ಲಕ್ಕಿಂತ ಬೇಗ ಬೆಳೆಯುತ್ತಿತ್ತು. ಮೂರನೆಯ ದಿನ ಕುತ್ತಿಗೆಗೋ ತೊಡೆಗೋ 200 ಮಿಲಿಗ್ರಾಂನ ಒಂದು ಕಬ್ಬಿಣದ ಚುಚ್ಚುಮದ್ದು ಕೊಟ್ಟರೆ ಇದೆಲ್ಲ ತಪ್ಪುತ್ತದೆ.

ಊರಾಚೆ ಬಯಲಿನಲ್ಲಿ ಹಂದಿ ಮೇಯಿಸಿಕೊಂಡು ಬಂದ ಹಂದಿಜೋಗಿಗಳ, ಕೊರಮರ ಹಂದಿಗಳಿಗೆ ಈ ಚುಚ್ಚುಮದ್ದು ಯಾರೂ ಕೊಡುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಣ್ಣು ಬಿಟ್ಟು ನಾಲ್ಕು ದಿನದಲ್ಲಿ ಮರಿಗಳು ತಾಯಿಯ ಹಿಂದೆ ಮಣ್ಣು ಕೆದಕಲು ಹೋಗುತ್ತಿದ್ದವು, ಕೆಮ್ಮಣ್ಣು ಮೂತಿಗೆ ಮೆತ್ತಿಕೊಂಡು ಬರುತ್ತಿದ್ದವು. ಕಬ್ಬಿಣ ಅಲ್ಲೇ ಸಿಗುತ್ತಿತ್ತು. ಸಿಮೆಂಟ್ ನೆಲದ ಶೆಡ್ಡು ಬಂದಾಗ ಕಾಯಿಲೆ ಬಂತು, ಕಾಯಿಲೆಯ ಜೊತೆ ಔಷಧಿ ಬಂತು. ಈಗಲೂ ಚುಚ್ಚುಮದ್ದು ಕೈಗೆ ಸಿಗದ ಕಡೆ ಗೊಬ್ಬರ, ಹಂದಿಗಳ ಓಡಾಟ ಎರಡೂ ತಾಗದ ಜಾಗದಿಂದ ಒಂದು ಬುಟ್ಟಿ ಕೆಂಪು ಮಣ್ಣು ತಂದು ಗೂಡಿನ ಮೂಲೆಗೆ ಸುರಿಯುವವರಿದ್ದಾರೆ. ಹುಳುವಿನ ಕಾಟವೊಂದು ತಪ್ಪಿದರೆ ಅದರಲ್ಲಿ ತಪ್ಪೇನಿಲ್ಲ.

ಸತುವಿನ ಕಥೆ ಕೊಂಚ ಓರೆ. ಹಂದಿಯ ಕಾಲು, ಹೊಟ್ಟೆಯ ಚರ್ಮ ಒಡೆದು ಹೊಪ್ಪಳಿಕೆ ಏಳುತ್ತದೆ, ಬೆಳವಣಿಗೆ ನಿಂತುಹೋಗುತ್ತದೆ. ನೋಡಿದವರು ಕಜ್ಜಿ ಎಂದು ಎಣ್ಣೆ ಹಚ್ಚುತ್ತಾರೆ. ಅದು ಕಜ್ಜಿಯೇ ಅಲ್ಲದಿರಬಹುದು, ಸತುವಿನ ಕೊರತೆ ಇರಬಹುದು ಎಂದು 1955ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಟಕರ್ ಮತ್ತು ಸಾಲ್ಮನ್ ತೋರಿಸಿಕೊಟ್ಟರು. ಮೇವಿನಲ್ಲಿ ಸತು ಇಲ್ಲವೆಂದಲ್ಲ. ಜೋಳ, ತೌಡುಗಳಲ್ಲಿರುವ ಫೈಟಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಮೂಳೆ ಗಟ್ಟಿಯಾಗಲಿ ಎಂದು ಬೇಕಾಬಿಟ್ಟಿ ಸುಣ್ಣದ ಪುಡಿ ಬೆರೆಸಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಅದೇ ಆಮ್ಲ ಕಾಳಿನ ರಂಜಕದ ಮೂರನೇ ಎರಡು ಪಾಲನ್ನೂ ಕಟ್ಟಿಹಾಕಿರುತ್ತದೆ. 1991ರಿಂದ ಮಾರುಕಟ್ಟೆಯಲ್ಲಿರುವ ಫೈಟೇಸ್ ಎಂಬ ಕಿಣ್ವ ಆ ಗಂಟನ್ನು ಬಿಡಿಸುತ್ತದೆ. ಕೋಳಿ ಫೀಡಿನಲ್ಲಿ ಅದು ಈಗ ಮಾಮೂಲು. ತೌಡು ಹೆಚ್ಚು ಬಳಸುವ ನಮ್ಮ ಹಂದಿ ಸಾಕಣೆಗಾರರಿಗೆ ಬೇರೆಯವರಿಗಿಂತ ಇದರ ಲಾಭ ಹೆಚ್ಚು, ಆದರೂ ಹೆಸರು ಕೇಳಿದವರು ಕಡಿಮೆ.

ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಯಾವ ಸೀಮೆಯ ಮಣ್ಣು, ಮೇವಿನಲ್ಲಿ ಯಾವ ಖನಿಜ ಕಡಿಮೆ ಎಂದು ನೋಡಿ, ಆಯಾ ಸೀಮೆಗೆ ತಕ್ಕ ಖನಿಜ ಮಿಶ್ರಣ ಮಾಡುವ ಕೆಲಸ ಅಲ್ಲಿ ನಡೆದಿದೆ. ಹೆಚ್ಚಾಗಿ ದನಗಳಿಗಾಗಿ. ಹಂದಿಗೆ ಸರದಿ ಬರುವುದು ಯಾವಾಗಲೂ ಕೊನೆಗೆ. ಈ ಪ್ರಾಣಿಯ ಬಗ್ಗೆ ನಮ್ಮ ಸಮಾಜಕ್ಕಿರುವ ಅಸಡ್ಡೆ ಮೇವಿನ ಮೂಟೆಯ ಮೇಲೂ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದವೆಲ್ಲ ಹಳ್ಳ ಮುಚ್ಚುವ ಪೂರಕಗಳು. ಇನ್ನೊಂದು ಜಾತಿಯಿದೆ. ಹಳ್ಳವೇ ಇಲ್ಲದ ಕಡೆ ದಿಣ್ಣೆ ಎಬ್ಬಿಸುತ್ತೇವೆ ಎನ್ನುವಂಥವು.

ಅದರಲ್ಲಿ ಹಿರಿಯದು ಆಂಟಿಬಯೊಟಿಕ್. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಡ್ ಕೋಳಿ ಮರಿಗಳಿಗೆ ಬಿ-12 ವಿಟಮಿನ್ ಎಲ್ಲಿಂದ ಅಗ್ಗಕ್ಕೆ ಸಿಕ್ಕೀತು ಎಂದು ಹುಡುಕುತ್ತಿದ್ದರು. ಔಷಧಿ ತೆಗೆದ ಮೇಲೆ ಉಳಿದ ಗಸಿಯನ್ನು ತಿನ್ನಿಸಿದರೆ ಮರಿಗಳು ವಿಟಮಿನ್ನಿನ ಲೆಕ್ಕ ಮೀರಿ ಬೆಳೆದವು. ಗಸಿಯಲ್ಲಿ ಉಳಿದಿದ್ದ ಕ್ಲೋರ್‌ಟೆಟ್ರಾಸೈಕ್ಲಿನ್ನಿನ ಪಸೆಯೇ ಅದಕ್ಕೆ ಕಾರಣವಾಗಿತ್ತು. 1950ರಿಂದಾಚೆಗೆ ಕೋಳಿ, ಹಂದಿ, ಕರು ಎಲ್ಲದರ ಮೇವಿಗೂ ಇದು ನುಗ್ಗಿತು. ಕೊಳಕು ಶೆಡ್ಡಿನಲ್ಲಿ ಇದರ ಫಲ ಎದ್ದು ಕಾಣುತ್ತದೆ, ಶುಚಿಯಾದ ಶೆಡ್ಡಿನಲ್ಲಿ ಕಾಣುವುದೇ ಕಷ್ಟ. ಔಷಧಿ ಇಲ್ಲಿ ಮಾಡುತ್ತಿದ್ದದ್ದು ಹೆಚ್ಚಾಗಿ ಪೊರಕೆಯ ಕೆಲಸ ಎಂದೇ ಅರ್ಥ. ಅದರ ಬೆಲೆ ನಿಧಾನವಾಗಿ ಗೊತ್ತಾಯಿತು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ವೈದ್ಯರು ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ನಿಗೆ ಜಗ್ಗದ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವ ಜೀನು ಪತ್ತೆಯಾದದ್ದು 2015ರಲ್ಲಿ, ಚೀನಾದಲ್ಲಿ, ಹಂದಿಯಿಂದ ಪಡೆದ ಬ್ಯಾಕ್ಟೀರಿಯಾದಲ್ಲಿ. ಯುರೋಪ್ ಒಕ್ಕೂಟ ಬೆಳವಣಿಗೆಗೆಂದು ಆಂಟಿಬಯೊಟಿಕ್ ಬೆರೆಸುವುದನ್ನು 2006ರ ಜನವರಿಯಿಂದಲೇ ನಿಲ್ಲಿಸಿತ್ತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗೆ, ಮೀನಿಗೆ, ಮೇವಿನ ಪೂರಕಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು.

ನೆಣ ಇಳಿಸಿ ಬಾಡು ಏರಿಸುವ ವಿಷಯದಲ್ಲಿ ನಿಜಕ್ಕೂ ಕೈ ತೋರಿಸಿದ ಮದ್ದು ಬೇರೆಯೇ. ರ‍್ಯಾಕ್ಟೊಪಮೀನ್. ಆಸ್ತಮಾಕ್ಕೆ ಕೊಡುವ ಔಷಧಿಗಳ ದಾಯಾದಿ. ಹಂದಿಯ ಜೀವಕೋಶಕ್ಕೆ ಇದು ಕೊಡುವ ಸಂದೇಶ, ನೆಣ ಕಟ್ಟುವುದನ್ನು ನಿಲ್ಲಿಸು, ಮಾಂಸಖಂಡ ಕಟ್ಟು ಎಂದು. 1999ರ ಕೊನೆಯಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕೊಡುವುದು ಕಡಿಯುವ ಮುಂಚಿನ ಕೆಲವು ವಾರ ಮಾತ್ರ, ಟನ್ ಮೇವಿಗೆ ಗ್ರಾಂಗಳ ಲೆಕ್ಕದಲ್ಲಿ. ಅದರ ಲೇಬಲ್ಲಿನಲ್ಲಿರುವ ಒಂದು ಸಾಲು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯ: ಮೇವಿನಲ್ಲಿ ಕಡೇಪಕ್ಷ ಶೇ 16 ಪ್ರೋಟೀನ್ ಇರಲೇಬೇಕು. ಇಷ್ಟು ಬಲವಾದ ಮದ್ದಿಗೂ ಕಟ್ಟಲು ಸಾಮಾನು ಬೇಕು. ಸಾಮಾನು ಇಲ್ಲದ ಕಡೆ ಬರೀ ಅಪ್ಪಣೆ ಕೊಟ್ಟು ಏನೂ ಆಗದು.

ಜಗತ್ತು ಇದರ ಬಗ್ಗೆ ಇಬ್ಭಾಗವಾಗಿದೆ. ಯುರೋಪ್, ಚೀನಾ, ರಷ್ಯಾ ಬೇಡ ಎನ್ನುತ್ತವೆ. 2012ರ ಜುಲೈನಲ್ಲಿ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಮಾಂಸದಲ್ಲಿ ಇದರ ಉಳಿಕೆ ಇಷ್ಟಿರಬಹುದು ಎಂಬ ಮಿತಿಯನ್ನು ಮತಕ್ಕೆ ಹಾಕಿದಾಗ 69 ದೇಶಗಳು ಪರ, 67 ವಿರುದ್ಧ. ಗೆದ್ದದ್ದು ಎರಡೇ ಮತದಿಂದ. ಚೀನಾದ ಭಯಕ್ಕೆ ಕಾರಣವಿತ್ತು. ಇದೇ ಕುಟುಂಬದ ಇನ್ನೂ ಉಗ್ರವಾದ ಕ್ಲೆನ್‌ಬ್ಯುಟೆರಾಲನ್ನು ಅಲ್ಲಿ ಕದ್ದುಮುಚ್ಚಿ ಹಂದಿಗಳಿಗೆ ತಿನ್ನಿಸಿದ್ದರಿಂದ 2006ರಲ್ಲಿ ಶಾಂಘೈ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಜನ ಎದೆ ಹೊಡೆತ, ಕೈ ನಡುಕ ಎಂದು ಆಸ್ಪತ್ರೆ ಸೇರಿದ್ದರು. 2011ರಲ್ಲಿ ದೇಶದ ಅತಿ ದೊಡ್ಡ ಮಾಂಸದ ಕಂಪನಿಯೇ ಇಂಥ ಹಂದಿ ಕೊಂಡದ್ದು ಬಯಲಾಯಿತು. ಗುಂಡ್ಲುಪೇಟೆಯ ಸಣ್ಣ ಸಾಕಣೆಗಾರ ಈ ಗೋಜಿಗೆ ಹೋಗಬೇಕಾದ ಕಾರಣ ಒಂದೂ ಇಲ್ಲ. ಅವನ ಹಂದಿ ಲೈಸಿನ್ ಇಲ್ಲದೆ ನೆಣ ಕಟ್ಟುತ್ತಿರುವಾಗ ಹಾರ್ಮೋನಿನ ಭಾಷೆಯಲ್ಲಿ ಅದಕ್ಕೆ ಬುದ್ಧಿ ಹೇಳುವುದು ದುಡ್ಡಿಗೂ ದಂಡ, ತಿನ್ನುವವರಿಗೂ ಅಪಾಯ.

ಉಳಿದವನ್ನು ಬೇಗ ಮುಗಿಸುತ್ತೇನೆ. ಕ್ರೋಮಿಯಂ ಪಿಕೊಲಿನೇಟ್ ಕೊಟ್ಟರೆ ಬೆನ್ನ ನೆಣ ಇಳಿಯುತ್ತದೆ ಎಂದು 1993ರಲ್ಲಿ ಅಮೆರಿಕದ ಲೂಸಿಯಾನಾದ ಸಂಶೋಧಕರು ಬರೆದರು. ಆಮೇಲಿನ ಪ್ರಯೋಗಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ಬೀಟೇನ್, ಕಾರ್ನಿಟಿನ್‌ಗಳ ಪಾಡೂ ಅದೇ. ತಾಮ್ರದ ಸಲ್ಫೇಟ್, ಅಂದರೆ ಮೈಲುತುತ್ತ, ಮರಿಗಳ ಬೆಳವಣಿಗೆಗೆ ನಿಜಕ್ಕೂ ನೆರವಾಗುತ್ತದೆ. ಇಂಗ್ಲೆಂಡಿನಲ್ಲಿ ಬ್ರಾಡೆ ಎಂಬ ವಿಜ್ಞಾನಿ ಅದನ್ನು ತೋರಿಸಿ ಎಪ್ಪತ್ತು ವರ್ಷಗಳೇ ಆದವು. ಆದರೆ ಅದು ಬಾಡು, ನೆಣದ ಲೆಕ್ಕ ಬದಲಿಸುವುದಿಲ್ಲ, ಹೆಚ್ಚಾದರೆ ಯಕೃತ್ತಿಗೆ ವಿಷ, ಸಗಣಿಯಲ್ಲಿ ಹೋದದ್ದು ಹೊಲಕ್ಕೆ ವಿಷ. ಚಾಮರಾಜನಗರ ಅರಿಸಿನದ ಸೀಮೆಯಾದ್ದರಿಂದ ಅರಿಸಿನ ಪುಡಿಯ ಮಾತೂ ಬರುತ್ತದೆ. ಆಂಟಿಬಯೊಟಿಕ್ ಹೋದ ಜಾಗಕ್ಕೆ ಗಿಡಮೂಲಿಕೆ ತರಲು ಎಲ್ಲೆಡೆ ಪ್ರಯತ್ನ ನಡೆದಿದೆ, ಅದರಲ್ಲಿ ಅರಿಸಿನವೂ ಒಂದು. ಗಾಯಕ್ಕೆ ಹಚ್ಚಿ, ಕರುಳಿಗೂ ಒಳ್ಳೆಯದು ಅನ್ನಿ, ಒಪ್ಪೋಣ. ಬೆಳವಣಿಗೆಯ ಮಟ್ಟಿಗೆ ಪ್ರಯೋಗಗಳ ಫಲ ಒಂದರಂತೆ ಒಂದಿಲ್ಲ. ಸಂತೆಯಲ್ಲಿ ಒಳ್ಳೆಯ ಬೆಲೆ ಇದ್ದಾಗ ಅರಿಸಿನ ಮಾರಿ ಹಿಂಡಿ ಕೊಳ್ಳುವುದು ಜಾಣತನ.

ಇಷ್ಟೆಲ್ಲ ಮಾತಾಡಿ ಮುಖ್ಯ ಮೇವನ್ನೇ ಮರೆತರೆ ಆಗದು. ನಮ್ಮ ಕಡೆಯ ಎಷ್ಟೋ ಹಂದಿಗಳ ಹೊಟ್ಟೆಗೆ ಬೀಳುವುದು ಜೋಳವೂ ಅಲ್ಲ, ಸೋಯಾವೂ ಅಲ್ಲ, ಹೋಟೆಲಿನ ಮುಸುರೆ. ಡ್ರಮ್ಮಿನಲ್ಲಿ ಬರುವ ಅನ್ನ, ಸಾಂಬಾರು, ಪರೋಟದ ತುಂಡು, ಕರಿದ ಎಣ್ಣೆಯ ಗಸಿ, ಮದುವೆ ಛತ್ರದ ಎಂಜಲೆಲೆ. ಪುಕ್ಕಟೆ ಅಥವಾ ಪುಕ್ಕಟೆಗೆ ಹತ್ತಿರ. ನೂರಕ್ಕೆ ಎಪ್ಪತ್ತೈದು, ಎಂಬತ್ತು ಭಾಗ ನೀರು, ಉಳಿದದ್ದರಲ್ಲಿ ಬಹುಪಾಲು ಪಿಷ್ಟ ಮತ್ತು ಎಣ್ಣೆ. ಮರಿಯ ಹೊಟ್ಟೆ ತುಂಬುತ್ತದೆ, ಲೈಸಿನ್ ಸಿಗುವುದಿಲ್ಲ. ಇಂಥ ಹಂದಿ ನಿಧಾನವಾಗಿ ಬೆಳೆದು ಬೇಗ ಕೊಬ್ಬುತ್ತದೆ. ಉಪ್ಪಿನಕಾಯಿ, ಸಾಂಬಾರಿನ ಉಪ್ಪು ಬೇರೆ. ಕುಡಿಯುವ ನೀರು ಒಂದು ದಿನ ತಪ್ಪಿದರೆ ಹಂದಿ ಉಪ್ಪಿನ ವಿಷಕ್ಕೆ ತುತ್ತಾಗಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸುತ್ತು ಹಾಕುತ್ತದೆ, ಸಾಯುತ್ತದೆ. ಈ ಮುಸುರೆಗೆ ದಿನಕ್ಕೆ ತಲೆಗೆ ಕಾಲು, ಅರ್ಧ ಕಿಲೊ ಸೋಯಾ ಹಿಂಡಿ ಮತ್ತು ಒಂದು ಹಿಡಿ ಖನಿಜ ಮಿಶ್ರಣ ಸೇರಿಸಿದರೆ ಸಿಗುವ ಫಲ ಯಾವ ಡಬ್ಬಿಯ ಪುಡಿಯಿಂದಲೂ ಸಿಗದು.

ಮುಸುರೆ ಎಂದ ಮೇಲೆ ಗಡಿಯಾಚೆಯ ಮಾತು ಬರಲೇಬೇಕು. 2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿ ಕಡೆಯ ಫಾರ್ಮುಗಳಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡು ನೂರಾರು ಹಂದಿಗಳನ್ನು ಕೊಲ್ಲಬೇಕಾಯಿತು. ಹೊರರಾಜ್ಯದ ಹಂದಿಗಳನ್ನು ಕೇರಳ ಆಗ ತಡೆಹಿಡಿಯಿತು. ಅತ್ತ ಕಡೆಯ ಗಿರಾಕಿಯನ್ನೇ ನಂಬಿದ ಗಡಿ ತಾಲ್ಲೂಕಿನವರಿಗೆ ಇದು ಪೆಟ್ಟು ಕೊಡದಿರಲು ಸಾಧ್ಯವಿಲ್ಲ. ಈ ಜ್ವರ ಮನುಷ್ಯರಿಗೆ ತಗಲುವುದಿಲ್ಲ, ಹಂದಿಗೆ ತಗಲಿದರೆ ಉಳಿಯುವುದು ಅಪರೂಪ. ಬೇಯಿಸದ ಹಂದಿ ಮಾಂಸದ ಚೂರು ಮುಸುರೆಯಲ್ಲಿ ಸೇರಿ ಬರುವುದು ರೋಗ ಹರಡುವ ಹೆದ್ದಾರಿ. ಇಂಗ್ಲೆಂಡಿನಲ್ಲಿ 2001ರ ಕಾಲುಬಾಯಿ ಜ್ವರ ಸರಿಯಾಗಿ ಬೇಯಿಸದ ಮುಸುರೆ ತಿನ್ನಿಸಿದ ಒಂದು ಹಂದಿ ಫಾರ್ಮಿನಿಂದ ಶುರುವಾದದ್ದೆಂದು ತೀರ್ಮಾನವಾಗಿ, ಮುಸುರೆಯನ್ನೇ ನಿಷೇಧಿಸಿದರು. ನಮ್ಮಲ್ಲಿ ಅದು ಆಗುವ ಮಾತಲ್ಲ. ಅರ್ಧ ಗಂಟೆಗೂ ಮಿಕ್ಕಿ ಕುದಿಸುವುದಾದರೂ ಆಗಬೇಕು. ಸೌದೆಯ ಖರ್ಚು ಹಿಡಿದು ಲೆಕ್ಕ ಹಾಕಿದರೆ ಪುಕ್ಕಟೆ ಮೇವು ಅಷ್ಟೇನೂ ಪುಕ್ಕಟೆಯಾಗಿ ಕಾಣುವುದಿಲ್ಲ.

ಜೋಳದಲ್ಲೂ ಒಂದು ಕಳ್ಳ ಇದ್ದಾನೆ. ಕೊಯ್ಲಿಗೆ ಸರಿಯಾಗಿ ಹಿಂಗಾರು ಹಿಡಿದರೆ ರಸ್ತೆ ಬದಿಯಲ್ಲಿ ಹರಡಿದ ಕಾಳು ಒಣಗುವ ಮುಂಚೆ ಮತ್ತೆ ನೆನೆಯುತ್ತದೆ. ತೇವ ಶೇ 14ಕ್ಕಿಂತ ಮೇಲಿದ್ದ ಕಾಳನ್ನು ಮೂಟೆ ಕಟ್ಟಿದರೆ ಹಸಿರು ಬೂಷ್ಟು ಗ್ಯಾರಂಟಿ, ಅದರ ಹಿಂದೆ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಡಲೆಕಾಯಿ ಹಿಂಡಿ ತಿಂದು ಸತ್ತಾಗ ಪತ್ತೆಯಾದ ವಿಷ ಇದೇ. ಬೂಷ್ಟು ಹಿಡಿದದ್ದನ್ನು ಮನುಷ್ಯರು ತಿನ್ನಲಾರರು, ಹಂದಿಗೆ ಹಾಕೋಣ ಎನ್ನುವುದು ನಮ್ಮ ರೂಢಿ. ಹಂದಿ ಸಾಯದಿದ್ದರೂ ಮೇವು ಬಿಡುತ್ತದೆ, ಬೆಳವಣಿಗೆ ಕುಸಿಯುತ್ತದೆ. ಆಮೇಲೆ ಅದಕ್ಕೆ ಟಾನಿಕ್ ಹುಡುಕಿಕೊಂಡು ಅಂಗಡಿಗೆ ಹೋಗುತ್ತೇವೆ.

ಅಷ್ಟಕ್ಕೂ ನೆಣ ಕಮ್ಮಿ ಬೇಕೆನ್ನುವವರು ಯಾರು? ಬೆಂಗಳೂರಿನ ಸಾಸೇಜು, ಬೇಕನ್ನಿನ ಗಿರಾಕಿ. ಡೆನ್ಮಾರ್ಕಿನವರು 1907ರಲ್ಲೇ ಹಂದಿಯ ಸಂತತಿ ಪರೀಕ್ಷೆ ಶುರು ಮಾಡಿ, ತಲೆಮಾರಿನಿಂದ ತಲೆಮಾರಿಗೆ ಬೆನ್ನ ನೆಣ ತೆಳುವಾದದ್ದನ್ನೇ ಆರಿಸುತ್ತ ಬಂದದ್ದು ಬ್ರಿಟನ್ನಿನ ಬೇಕನ್ ಗಿರಾಕಿಗಾಗಿ. ಕೊಡಗಿನಲ್ಲಿ ಮಾತೇ ಬೇರೆ. ಕಾಚಂಪುಳಿ ಹಾಕಿದ ಪಂದಿ ಕರಿಯಲ್ಲಿ ಚರ್ಮ, ನೆಣ, ಬಾಡು ಮೂರೂ ಇರುವ ತುಂಡು ಬೀಳದಿದ್ದರೆ ಉಂಡವರಿಗೆ ಸಮಾಧಾನ ಇಲ್ಲ. ಅಲ್ಲಿ ಕೆಡುವುದು ನೆಣ ಹೆಚ್ಚಾದದ್ದರಿಂದಲ್ಲ, ಮೆತ್ತಗಾದದ್ದರಿಂದ. ಹಂದಿ ತಿಂದ ಎಣ್ಣೆಯ ಗುಣ ಹಾಗೇ ಅದರ ನೆಣಕ್ಕೆ ಇಳಿಯುತ್ತದೆ. ಎಣ್ಣೆ ತೆಗೆಯದ ತೌಡು, ಕಡಲೆಕಾಯಿ ಹೆಚ್ಚು ತಿಂದ ಹಂದಿಯ ನೆಣ ಚಾಕುವಿಗೆ ಜಾರುತ್ತದೆ, ಇಟ್ಟರೆ ಬೇಗ ಕಮಟು ಬರುತ್ತದೆ. ಕಡಿಯುವ ಮುಂಚಿನ ತಿಂಗಳು ತೌಡು ಇಳಿಸಿ ಜೋಳ, ರಾಗಿ, ಮರಗೆಣಸಿನ ಕಡೆ ತಿರುಗಿದರೆ ನೆಣ ಗಟ್ಟಿಯಾಗುತ್ತದೆ. ಮಾರುವವನು ತನ್ನ ಗಿರಾಕಿ ಯಾರೆಂದು ಗೊತ್ತು ಮಾಡಿಕೊಂಡೇ ಮೇವು ಬೆರೆಸಬೇಕು.

ಪೇಟೆಯ ಗಿರಾಕಿಯೇ ಆಗಿದ್ದರೆ, ಪುಡಿಗೂ ಮುಂಚೆ ಮಾಡಬಹುದಾದ ಕೆಲಸಗಳಿವೆ. ಯಾರ್ಕ್‌ಷೈರ್, ಲ್ಯಾಂಡ್‌ರೇಸ್, ಡ್ಯೂರಾಕ್ ತಳಿಯ ರಕ್ತ ಬಂದರೆ ಪ್ರೋಟೀನ್ ಕಟ್ಟುವ ಮಿತಿಯೇ ಏರುತ್ತದೆ. ನಾಟಿ ಹಂದಿಗೆ ಎಷ್ಟು ಸೋಯಾ ತಿನ್ನಿಸಿದರೂ ಆ ಮಿತಿ ದಾಟದು. ಬೀಜ ಒಡೆದ ಗಂಡು ಹೆಣ್ಣಿಗಿಂತ ಬೇಗ ಕೊಬ್ಬುತ್ತದೆ, ಆದ್ದರಿಂದ ಎರಡನ್ನೂ ಒಂದೇ ಗೂಡಿನಲ್ಲಿ ಒಂದೇ ಮೇವಿಗೆ ಬಿಡುವುದು ನಷ್ಟ. ಬೀಜ ಒಡೆಯದೆ ಬಿಟ್ಟರೆ ಬಾಡಿಗೆ ಗಂಡು ವಾಸನೆ. ಎಲ್ಲಕ್ಕಿಂತ ಮುಖ್ಯವಾದದ್ದು ಕಡಿಯುವ ತೂಕ. ತೊಂಬತ್ತು ಕಿಲೊ ಮುಟ್ಟಿದ ಹಂದಿಯನ್ನು ಹಬ್ಬದ ಬೆಲೆಗೆ ಕಾದು ಇನ್ನೆರಡು ತಿಂಗಳು ಇಟ್ಟುಕೊಂಡರೆ ಆ ಎರಡು ತಿಂಗಳ ಮೇವಿನ ಬಹುಪಾಲು ನೆಣಕ್ಕೇ ಹೋಗುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ನೂರು ಹೆಣ್ಣು, ಹತ್ತು ಗಂಡಿನ ಘಟಕಕ್ಕೆ ಶೇ 50, ಹೆಚ್ಚೆಂದರೆ 30 ಲಕ್ಷ ರೂಪಾಯಿ ಸಬ್ಸಿಡಿ ಇದೆ. ಅಷ್ಟು ದೊಡ್ಡದಾಗಿ ಇಳಿಯುವವರು ಶೆಡ್ಡಿನ ನಕ್ಷೆಗಿಂತ ಮೊದಲು ಮೇವಿನ ಲೆಕ್ಕ ಬರೆದುಕೊಳ್ಳುವುದು ಒಳಿತು.

ಅಂಗಡಿಯವನು ಕೊಟ್ಟ ಪುಡಿ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಯ ಬುಡದಿಂದ ಬಾಲದ ಬುಡದವರೆಗೆ ಉದ್ದ, ಎರಡನ್ನೂ ಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಮತ್ತೆ 69.3ರಿಂದ ಗುಣಿಸಿದರೆ ಕಿಲೊ ತೂಕ ಸಿಗುತ್ತದೆ. ಸುತ್ತಳತೆ 0.90, ಉದ್ದ 0.95 ಇದ್ದರೆ ಹಂದಿ ಹತ್ತಿರಹತ್ತಿರ 53 ಕಿಲೊ. ಒಂದೇ ಸೂಲಿನ, ಒಂದೇ ತೂಕದ ಮರಿಗಳನ್ನು ಎರಡು ಪಾಲು ಮಾಡಿ ಎರಡು ಗೂಡಿಗೆ ಬಿಡಿ. ಮೇವು ಒಂದೇ ಇರಲಿ, ಪುಡಿ ಒಂದಕ್ಕೆ ಮಾತ್ರ. ವಾರಕ್ಕೊಮ್ಮೆ, ಬೆಳಿಗ್ಗೆ ಮೇವಿಗೆ ಮುಂಚೆ ಅಳೆದು ಗೋಡೆಯ ಮೇಲೆ ಬರೆಯಿರಿ. ನೆಣವನ್ನು ಟೇಪು ಹೇಳುವುದಿಲ್ಲ. ಅದಕ್ಕೆ ಕಡಿಯುವ ದಿನ ಕೊನೆಯ ಪಕ್ಕೆಲುಬಿನ ನೇರಕ್ಕೆ ಬೆನ್ನ ನೆಣದ ದಪ್ಪವನ್ನು ಸ್ಕೇಲಿನಲ್ಲಿ ನೋಡಬೇಕು. ಪುಡಿ ತಿಂದ ಪಾಲು ಮುಂದಿದ್ದರೆ, ಹೆಚ್ಚಿಗೆ ಬಂದ ಕಿಲೊಗಳ ಬೆಲೆಯಿಂದ ಡಬ್ಬಿಯ ಬೆಲೆ ಕಳೆದು ಉಳಿದದ್ದೆಷ್ಟೆಂದು ನೋಡಿ. ಎರಡೂ ಸಮವಾಗಿದ್ದರೆ ಮುಂದಿನ ಸಲ ಅದೇ ದುಡ್ಡಿಗೆ ಸೋಯಾ ಹಿಂಡಿ ತನ್ನಿ.